ವಾಲ್ವ್ ಕಿತ್ತರೂ ನಿಲ್ಲದ ಗುಂಯ್

"ವಾಲ್ವ್ ಆಂಪ್ ಅಂದ್ಮೇಲೆ ಗುಂಯ್ ಅನ್ನೋದೇ, ಬಿಡಿ ಸಾರ್" ಎಂದು ಬೆಂಗಳೂರು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರು ನಕ್ಕಿದ್ದರು. ಈಗ ನನ್ನ ಆಂಪ್, ಅಂದರೆ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್, ಹಚ್ಚಿ ಸ್ಪೀಕರಿಗೆ ಕಿವಿ ಒತ್ತಿದರೆ ಪಕ್ಕದ ಮನೆಯ ಫ್ಯಾನ್ ಕೇಳುತ್ತದೆ, ಗುಂಯ್ ಕೇಳುವುದಿಲ್ಲ.

ಮೋನೋ ಸೆಟ್ಟು. ಪುಶ್‌ಪುಲ್‌ನಲ್ಲಿ (ಜೋಡಿಯಾಗಿ) ಸ್ಪೀಕರ್ ಓಡಿಸುವ ಎರಡು ಇಎಲ್84 ವಾಲ್ವ್, ಅವುಗಳ ಮುಂದೆ ಸಣ್ಣ ಸಿಗ್ನಲ್ ಹಿಗ್ಗಿಸುವ ಒಂದು ಇಸಿಸಿ83, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಇಝಡ್81. ಇಎಲ್84 ಎರಡೂ ನಮ್ಮ ಜಾಲಹಳ್ಳಿ ಬಿಇಎಲ್‌ನ ಹಳೇ ಸ್ಟಾಕು. ಕಬ್ಬಿಣದ ಚಾಸಿಸ್ ನಾನೇ ಕೊರೆದದ್ದು.

ಗುಂಯ್ ಅಂದ ತಕ್ಷಣ ಎಲ್ಲರ ಬೆರಳೂ ಆ ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಕಡೆಗೇ. ಎರಡನ್ನೂ ಬದಲಿಸಿದೆ, ಐನೂರು ಹೋಯಿತು. ಆಮೇಲೆ ಅದೇ ಕೆಲಸದ ತಂತಿ ಸುರುಳಿ, ಚೋಕು, ಸಾವಿರದ ನಾನೂರು. ಇನ್ನೊಂದು ಇಸಿಸಿ83. ಆಟೋ ಖರ್ಚೂ ಸೇರಿ ನಾಲ್ಕು ಸಾವಿರದ ಹತ್ತಿರ. ಸದ್ದು ಒಂಚೂರೂ ಕದಲಲಿಲ್ಲ. ತಪ್ಪು ನನ್ನದೇ. ಫುಲ್ ವೇವ್ ರೆಕ್ಟಿಫೈಯರಿನ ಡಿಸಿಯಲ್ಲಿ ಉಳಿಯುವ ಏರಿಳಿತ, ಅಂದರೆ ರಿಪಲ್, ಮೇನ್ಸಿನ 50ರ ಎರಡರಷ್ಟು, 100 ಹರ್ಟ್ಸ್ ಅಲ್ವಾ? ನನ್ನದು ಅದಕ್ಕಿಂತ ದಪ್ಪ ದನಿ. ಇಯರ್‌ಫೋನಿನಲ್ಲಿ 50 ಹರ್ಟ್ಸ್ ಟೋನ್ ಹಾಕಿ ಹೋಲಿಸಿದ ಮೇಲೆ ಒಪ್ಪಿಕೊಂಡೆ.

ಹಾಗಾದರೆ ವಾಲ್ವ್ ಕಾಯಿಸುವ ಹೀಟರಿನ 50 ಹರ್ಟ್ಸ್ ಎಸಿಯೇ ಎಂದುಕೊಂಡೆ. ಎಮರ್ಜೆನ್ಸಿ ಲೈಟಿನ 6 ವೋಲ್ಟ್ ಬ್ಯಾಟರಿ ಬಿಚ್ಚಿ ಇಸಿಸಿ83ರ ಹೀಟರಿಗೆ ಕೊಟ್ಟೆ. ಪಿನ್ 4 ಮತ್ತು 5 ಒಟ್ಟಿಗೆ, 9 ಇನ್ನೊಂದು ಕಡೆ, ಎಳೆಯುವುದು 0.3 ಆಂಪಿಯರ್ ತಾನೇ. ಗುಂಯ್ ಹಾಗೇ ಇತ್ತು. ಆ ರಾತ್ರಿಯೇ ಕರೆಂಟ್ ಹೋಗಿ ಮನೆಯಲ್ಲಿ ಬೈಸಿಕೊಂಡದ್ದು ಬೇರೆ.

ಸಿಟ್ಟಿನಲ್ಲಿ ಇಝಡ್81 ಕಿತ್ತು ಆನ್ ಮಾಡಿದೆ. ಎಚ್‌ಟಿ (ವಾಲ್ವ್‌ಗಳಿಗೆ ಬೇಕಾದ ಹೈ ವೋಲ್ಟೇಜ್ ಡಿಸಿ) ಸೊನ್ನೆ, ಒಂದು ವಾಲ್ವಿಗೂ ಕೆಲಸವಿಲ್ಲ. ಆದರೂ ಸ್ಪೀಕರ್ ಗುಂಯ್ ಅನ್ನುತ್ತಿದೆ! ಆಗ ಗೊತ್ತಾಯಿತು. ಮೇನ್ಸ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಪಕ್ಕದಲ್ಲೇ ಕೂತ, ಸ್ಪೀಕರಿಗೆ ಸಿಗ್ನಲ್ ಕಳಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ನೇರ ನುಗ್ಗುತ್ತಿತ್ತು. ನೋಡೋಕೆ ಚೆಂದ ಎಂದು ಎರಡನ್ನೂ ಒಂದೇ ಸಾಲಲ್ಲಿ, ಒಂದೇ ದಿಕ್ಕಿಗೆ ಕೂರಿಸಿದ್ದೆ.

ನಡುವೆ ಬಿಸ್ಕತ್ ಡಬ್ಬಿಯ ಮುಚ್ಚಳ ನಿಲ್ಲಿಸಿ ನೋಡಿದೆ. ಗುಂಯ್ ಸ್ವಲ್ಪ ತಗ್ಗಿತು, ಮುಚ್ಚಳವೇ ಗಿರ್ ಅನ್ನತೊಡಗಿತು.

ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ, ಸೆಕೆಂಡರಿಗೆ (ಸ್ಪೀಕರ್ ಕಡೆಯ ಸುರುಳಿಗೆ) ಹೆಡ್‌ಫೋನ್ ಹಚ್ಚಿ, ಮರದ ತುಂಡಿನ ಮೇಲಿಟ್ಟು ನಿಧಾನ ತಿರುಗಿಸಿದೆ. ಹಳೇ ರೇಡಿಯೋದಲ್ಲಿ ಸ್ಟೇಷನ್ ಹುಡುಕಿದ ಹಾಗೆ. ಒಂದು ಕಡೆ ಸದ್ದು ಕುಗ್ಗಿ ಮಾಯ. ಒಂದು ಬೆರಳಷ್ಟು ತಿರುಗಿದರೆ ಮತ್ತೆ ಹಾಜರ್. ಖುಷಿಯಿಂದ ಚಾಸಿಸ್ಸಿಗೆ ಬಿಗಿದರೆ ಆ ಜಾಗವೇ ಸರಿದುಹೋಗಿತ್ತು, ಕಾಂತಕ್ಷೇತ್ರವನ್ನು ಬಾಗಿಸುವ ಕಬ್ಬಿಣದ ಕಿತಾಪತಿ. ಅದನ್ನು ಮತ್ತೆ ಹೇಗೆ ಹಿಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದಿಡೀ ಭಾನುವಾರ ತಿಂದಿದೆ. ಸರಿಯಾಗಿ ತೊಂಬತ್ತು ಡಿಗ್ರಿ ಅಲ್ಲ, ಅಷ್ಟು ಹೇಳಬಲ್ಲೆ.

8 ಓಮ್ ಸ್ಪೀಕರಿನ ಮೇಲೆ ಮೊದಲು ಎಂಟೊಂಬತ್ತು ಮಿಲಿವೋಲ್ಟ್ ತೋರಿಸುತ್ತಿದ್ದ ಮೀಟರು ಈಗ ಒಂದರ ಒಳಗಿದೆ. ಖರ್ಚು? ನಾಲ್ಕು ಹೊಸ ತೂತು, ಇಪ್ಪತ್ತು ರೂಪಾಯಿಯ ನಟ್ಟು-ಬೋಲ್ಟು.

ಅಂಗಡಿಯವರು ಫೋನಿನಲ್ಲಿ ನಂಬಲಿಲ್ಲ, ಶನಿವಾರ ಬಂದು ಕೇಳ್ತಾರಂತೆ. ಬರುವಾಗ ಆ ಚೋಕಿನ ದುಡ್ಡು ತನ್ನಿ ಅಂದಿದ್ದೇನೆ.