ಹಳೇ ಹ್ಯಾಮ್ ಸೆಟ್ ಸಿಕ್ಕಿದೆಯಾ? ಪ್ಲಗ್ ಹಾಕುವ ಮೊದಲು ಇದನ್ನು ಓದಿ

ಹಿರಿಯ ಹ್ಯಾಮ್ (ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು) ಒಬ್ಬರ ಮನೆಯ ಅಟ್ಟದಿಂದ ಇಳಿಸಿದ ಒಂದು ಭಾರದ ಕಬ್ಬಿಣದ ಪೆಟ್ಟಿಗೆ ನಿಮ್ಮ ಮೇಜಿನ ಮೇಲೆ ಬಂದು ಕೂತಿದೆ ಅಂದುಕೊಳ್ಳಿ. ಮುಂದೆ ದೊಡ್ಡ ಡಯಲ್, ಒಂದು ಮೀಟರ್, ಸುತ್ತ ಹತ್ತಾರು ಗುಬುಟುಗಳು. ಹಿಂದೆ ಸಣ್ಣ ಫ್ಯಾನ್. ಅದರ ಮೇಲೆ ಯಾಯೆಸು (Yaesu) ಎಫ್‌ಟಿ-101ಇ ಎಂದು ಬರೆದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕೇಳಲೂ ಕಳಿಸಲೂ ಬರುವ ಜಪಾನಿನ ಈ ರೇಡಿಯೊ ಸೆಟ್ 1970ರ ದಶಕದಲ್ಲಿ ಜಗತ್ತಿನ ಮೂಲೆಮೂಲೆಯ ಹ್ಯಾಮ್‌ಗಳ ಮನೆ ಸೇರಿತ್ತು. ಯಾಯೆಸು ಕಂಪನಿ ಕಟ್ಟಿದ ಸಾಕೊ ಹಸೆಗಾವಾ ಅವರೇ ಸ್ವತಃ ಹ್ಯಾಮ್, ಕಾಲ್‌ಸೈನ್ ಜೆಎ1ಎಂಪಿ (ರೇಡಿಯೊದಲ್ಲಿ ಹೇಳಿಕೊಳ್ಳುವ ಅಧಿಕೃತ ಗುರುತು). ಬಳಸುವವರೇ ಮಾಡಿದ ಸೆಟ್ ಇದು ಅನ್ನುವುದು ಗುಬುಟುಗಳ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ.

ಇದು ಅರ್ಧ ಟ್ರಾನ್ಸಿಸ್ಟರ್, ಅರ್ಧ ವಾಲ್ವ್ (ಬಿಸಿಯಾಗಿ ಕೆಲಸ ಮಾಡುವ ಗಾಜಿನ ಟ್ಯೂಬ್) ಸೆಟ್. ಕೇಳುವ ಭಾಗವೆಲ್ಲ ಟ್ರಾನ್ಸಿಸ್ಟರ್. ಕಳಿಸುವ ಕೊನೆಯ ಹಂತದಲ್ಲಿ ಮಾತ್ರ ಮೂರು ವಾಲ್ವ್: ಸಿಗ್ನಲ್ ಬಲಪಡಿಸಿ ಮುಂದೆ ತಳ್ಳುವ ಡ್ರೈವರ್ ಆಗಿ ಒಂದು 12ಬಿವೈ7ಎ, ಆಂಟೆನಾಗೆ ಪವರ್ ಕೊಡುವ ಫೈನಲ್‌ಗೆ ಎರಡು 6ಜೆಎಸ್6ಸಿ. ಈ ಮೂರು ವಾಲ್ವ್ ಇರುವುದರಿಂದಲೇ ಇದನ್ನು ಇಂದಿನ ಸೆಟ್‌ನಂತೆ ಸ್ವಿಚ್ ಒತ್ತಿ ಮಾತಾಡಲು ಆಗುವುದಿಲ್ಲ. ಕೈಯಲ್ಲಿ ಟ್ಯೂನ್ ಮಾಡಬೇಕು. ನನಗೆ ಈ ಸೆಟ್ ಇಷ್ಟವಾಗುವುದೂ ಅದಕ್ಕೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟ್ ಮಾಡುವಂತಿಲ್ಲ. ದೂರಸಂಪರ್ಕ ಇಲಾಖೆಯ ಎಎಸ್‌ಒಸಿ (ಹವ್ಯಾಸಿ ರೇಡಿಯೊ ಆಪರೇಟರ್ ಪ್ರಮಾಣಪತ್ರ) ಪರೀಕ್ಷೆ ಪಾಸಾಗಿ, ಕಾಲ್‌ಸೈನ್ ಬಂದ ಮೇಲೆಯೇ ಆ ಕೆಲಸ. ಅದರಲ್ಲಿ ಕೆಳಗಿನದಾದ ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ ಪವರ್ ಮಿತಿ ಕಡಿಮೆ, ಈ ಸೆಟ್ ಅದಕ್ಕಿಂತ ಜಾಸ್ತಿಯೇ ಕೊಡುತ್ತದೆ. ಹಾಗಾಗಿ ನಿಮ್ಮ ಲೈಸೆನ್ಸ್‌ನಲ್ಲಿ ಏನು ಬರೆದಿದೆ ನೋಡಿಕೊಂಡು ಡ್ರೈವ್ (ಫೈನಲ್‌ಗೆ ಕೊಡುವ ಸಿಗ್ನಲ್) ತಗ್ಗಿಸಿ ಇಟ್ಟುಕೊಳ್ಳಿ.

ಮೊದಲು ಕವರ್ ಬಿಚ್ಚಿ

ಗೋಡೆಯ ಪ್ಲಗ್‌ಗೆ ಹಾಕಿ ಲೈಟ್ ಬರುತ್ತದಾ ನೋಡೋಣ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಗೆಳೆಯರೊಬ್ಬರು ಅಮೆರಿಕದಿಂದ ಬಂದ ಇಂಥದೇ ಸೆಟ್ಟನ್ನು ನೇರ ನಮ್ಮ ಮನೆ ಕರೆಂಟಿಗೆ ಹಾಕಿದರು. ಅದರ ಟ್ರಾನ್ಸ್‌ಫಾರ್ಮರ್ 117 ವೋಲ್ಟ್‌ಗೆ ಜೋಡಿಸಿತ್ತು. ಅರ್ಧ ನಿಮಿಷದಲ್ಲಿ ಹೊಗೆ ಬಂತು. ಆ ಟ್ರಾನ್ಸ್‌ಫಾರ್ಮರ್ ಈಗ ಹೊಸದಾಗಿ ಎಲ್ಲೂ ಸಿಗುವುದಿಲ್ಲ.

ಈ ಸೆಟ್‌ನ ಟ್ರಾನ್ಸ್‌ಫಾರ್ಮರ್‌ಗೆ 100, 110, 117, 200, 220, 234 ವೋಲ್ಟ್ ಎಂದು ಆರು ಆಯ್ಕೆಗಳಿವೆ. ಒಳಗಿನ ವೈರ್ ಜೋಡಣೆ ಬದಲಿಸಿ ಬೇಕಾದ್ದಕ್ಕೆ ತರಬಹುದು. ನಮ್ಮಲ್ಲಿ 230 ವೋಲ್ಟ್, ಎಷ್ಟೋ ಊರುಗಳಲ್ಲಿ ರಾತ್ರಿ 240 ದಾಟುತ್ತದೆ, ಆದ್ದರಿಂದ 234ಕ್ಕೆ ಇಡಿ. ಮ್ಯಾನುಯಲ್‌ನಲ್ಲಿ ಚಿತ್ರ ಇದೆ, ಅದನ್ನು ಎದುರಿಗೆ ಇಟ್ಟುಕೊಂಡೇ ಮಾಡಿ. ಫ್ಯೂಸ್ ಕೂಡ ನೋಡಿ. 117ಕ್ಕೆ ಹಾಕಿದ್ದ ದೊಡ್ಡ ಫ್ಯೂಸ್ ಅಲ್ಲೇ ಉಳಿದಿರುತ್ತದೆ. ನಮ್ಮ ವೋಲ್ಟೇಜ್‌ನಲ್ಲಿ ಕರೆಂಟ್ ಅರ್ಧಕ್ಕೆ ಇಳಿಯುವುದರಿಂದ ಆ ಫ್ಯೂಸ್ ಕಾಪಾಡಬೇಕಾದ ಹೊತ್ತಿಗೆ ಕಾಪಾಡುವುದಿಲ್ಲ. ವೈರ್ ಎರಡು ಪಿನ್‌ನದಾದರೆ ತೆಗೆದು ಮೂರು ಪಿನ್‌ನದು ಹಾಕಿ. ಚಾಸಿಗೆ (ಸೆಟ್‌ನ ಲೋಹದ ಒಡಲಿಗೆ) ಅರ್ತ್ ಇರಲೇಬೇಕು.

ಒಳಗೆ ಕೈ ಹಾಕುವಾಗ ಭಯ ಇರಲಿ. ಫೈನಲ್ ವಾಲ್ವ್‌ಗಳ ಪ್ಲೇಟ್‌ಗೆ ಸುಮಾರು 600 ವೋಲ್ಟ್ ಡಿಸಿ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಮೀಟರ್ ಹಚ್ಚಿ ಸೊನ್ನೆ ತೋರಿಸಿದ ಮೇಲೆಯೇ ಮುಟ್ಟಿ. ಸೆಟ್ ಆನ್ ಇಟ್ಟು ಅಳೆಯಬೇಕಾಗಿ ಬಂದರೆ ಎಡಗೈ ಜೇಬಿನಲ್ಲಿರಲಿ. ಎರಡೂ ಕೈ ಒಳಗಿದ್ದರೆ ಕರೆಂಟ್ ಎದೆಯ ಮೂಲಕ ಹಾದುಹೋಗುತ್ತದೆ. ನನಗೆ ಕಲಿಸಿದ ಹಿರಿಯರು ಎಡಗೈ ಹೊರಗೆ ಬಂದಿದ್ದು ಕಂಡರೆ ಪಾಠವನ್ನೇ ನಿಲ್ಲಿಸಿಬಿಡುತ್ತಿದ್ದರು.

ಈಗ ಕ್ಲೀನಿಂಗ್. ಸೆಟ್ ಮಲೆನಾಡಿನಲ್ಲೋ ಕರಾವಳಿಯಲ್ಲೋ ಇದ್ದಿದ್ದರೆ ಇದೇ ದೊಡ್ಡ ಕೆಲಸ. ಇದರ ಸರ್ಕ್ಯೂಟ್ ಬೋರ್ಡ್‌ಗಳು ಪುಸ್ತಕ ಸಿಕ್ಕಿಸಿದ ಹಾಗೆ ಸ್ಲಾಟ್‌ನಲ್ಲಿ ಕೂತಿರುತ್ತವೆ. ಒಂದೊಂದಾಗಿ ಎಳೆದು, ಅಂಚಿನ ಕಾಂಟ್ಯಾಕ್ಟ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಅದೇ ಜಾಗಕ್ಕೆ ವಾಪಸ್ ಹಾಕಿ. ಎಳೆಯುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡಿರಿ. ಬ್ಯಾಂಡ್ ಸ್ವಿಚ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಹೊಡೆದು ಆಚೆ ಈಚೆ ಇಪ್ಪತ್ತು ಸಲ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾತ್ರ ಬೇಡ, ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೇಳುವುದಕ್ಕೂ ಕಳಿಸುವುದಕ್ಕೂ ಸೆಟ್ಟನ್ನು ಬದಲಿಸುವ ರಿಲೇಯ ಕಾಂಟ್ಯಾಕ್ಟ್‌ಗಳ ನಡುವೆ ಆಲ್ಕೋಹಾಲ್‌ನಲ್ಲಿ ನೆನೆಸಿದ ಕಾಗದದ ಪಟ್ಟಿ ಇಟ್ಟು ಎಳೆಯಿರಿ. ರಿಸೀವರ್ ಸತ್ತೇ ಹೋಯಿತು ಅಂತ ಬಿಟ್ಟ ಎಷ್ಟೋ ಸೆಟ್‌ಗಳು ಈ ಕಾಗದದ ಪಟ್ಟಿಯಿಂದಲೇ ಮತ್ತೆ ಮಾತಾಡಿವೆ.

ಒಂದು ಬಿಡಿಭಾಗವನ್ನು ಮಾತ್ರ ಕಣ್ಣುಮುಚ್ಚಿ ಬದಲಿಸಿ. ಡ್ರೈವರ್ ವಾಲ್ವ್‌ನಿಂದ ಫೈನಲ್ ಗ್ರಿಡ್‌ಗೆ (ವಾಲ್ವ್‌ನಲ್ಲಿ ಸಿಗ್ನಲ್ ಒಳಹೋಗುವ ತುದಿ) ಹೋಗುವ 100 ಪಿಕೊಫ್ಯಾರಡ್ ಕೆಪಾಸಿಟರ್. ಅದು ಲೀಕ್ ಆದರೆ ಡ್ರೈವರ್‌ನ ಹೈ ವೋಲ್ಟೇಜ್ ನೇರ ಫೈನಲ್ ಗ್ರಿಡ್ ಮೇಲೆ ಬೀಳುತ್ತದೆ, ಎರಡೂ ವಾಲ್ವ್ ಹೋಗುತ್ತವೆ. ಒಂದು ಕಿಲೋವೋಲ್ಟ್ ತಡೆಯುವ ಸಿಲ್ವರ್ ಮೈಕಾ ಹಾಕಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹುಡುಕಿದರೆ ಸಿಗುವಂಥದ್ದು, ವಾಲ್ವ್ ಜೋಡಿಯ ಬೆಲೆಯ ಮುಂದೆ ಅದು ಏನೂ ಅಲ್ಲ.

ಸೀರೀಸ್ ಬಲ್ಬ್ ಹಾಕಿ ಎಬ್ಬಿಸಿ

ವರ್ಷಗಟ್ಟಲೆ ಮಲಗಿದ್ದ ಸೆಟ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಮ್ಮೆಲೇ ಪೂರ್ತಿ ವೋಲ್ಟೇಜ್ ತಡೆಯುವುದಿಲ್ಲ. ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಇದ್ದರೆ ನಿಧಾನ ಏರಿಸಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬಲ್ಬ್ ಬೋರ್ಡ್ ಸಾಕು, ಅದರಲ್ಲಿ ಸೆಟ್‌ಗೆ ಹೋಗುವ ಕರೆಂಟ್ ಬಲ್ಬ್ ಮೂಲಕವೇ ಹೋಗುತ್ತದೆ. 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಬೇಕು, ಎಲ್‌ಇಡಿ ಆಗುವುದಿಲ್ಲ. ಸೆಟ್‌ನ ಮುಂದಿರುವ, ವಾಲ್ವ್‌ಗಳನ್ನು ಬಿಸಿ ಮಾಡುವ ಹೀಟರ್ ಸ್ವಿಚ್ ಆಫ್ ಇರಲಿ. ಪವರ್ ಕೊಟ್ಟಾಗ ಬಲ್ಬ್ ಒಮ್ಮೆ ಜೋರಾಗಿ ಬೆಳಗಿ ಆಮೇಲೆ ಮಂದವಾದರೆ ಒಳ್ಳೆಯ ಲಕ್ಷಣ. ಜೋರಾಗಿಯೇ ಉರಿಯುತ್ತಿದ್ದರೆ ತಕ್ಷಣ ತೆಗೆಯಿರಿ, ಒಳಗೆ ಎಲ್ಲೋ ಶಾರ್ಟ್ ಇದೆ. ಎಲ್ಲ ಸರಿ ಇದ್ದರೆ ಒಂದೆರಡು ಗಂಟೆ ಹಾಗೇ ಬಿಟ್ಟು, ಆಮೇಲೆ ಬಲ್ಬ್ ತೆಗೆದು ನೇರ ಕರೆಂಟ್ ಕೊಡಿ.

ಹೀಟರ್ ಸ್ವಿಚ್ ಹಾಕಿದರೂ ವಾಲ್ವ್ ಬೆಳಗದಿದ್ದರೆ ಗಾಬರಿ ಬೇಡ. ಹಿಂದೆ ಎಸಿಸಿ ಎಂಬ ಸಾಕೆಟ್‌ನಲ್ಲಿ ಒಂದು ಸಣ್ಣ ಪ್ಲಗ್ ಇರಬೇಕು. ಅದರೊಳಗೆ ಎರಡು ಪಿನ್ ಜೋಡಿಸಿರುತ್ತಾರೆ, ಹೀಟರ್‌ನ ಕರೆಂಟ್ ಹೋಗುವುದೇ ಅದರ ಮೂಲಕ. ಕೈ ಬದಲಾಯಿಸುವಾಗ ಜಾಸ್ತಿ ಕಳೆದುಹೋಗುವ ವಸ್ತು ಇದೇ, ಸೆಟ್ ಕೊಳ್ಳುವಾಗಲೇ ಕೇಳಿ ಇಸಿದುಕೊಳ್ಳಿ.

ತಂತಿ ಕಟ್ಟುವುದು

ಮೊದಲ ಆಂಟೆನಾ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಸುತ್ತಿನ) ಡೈಪೋಲ್, ಅಂದರೆ ಮಧ್ಯದಲ್ಲಿ ಎರಡಾಗಿ ಬೇರ್ಪಟ್ಟ ತಂತಿ, ಆಗಿರಲಿ. ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಬರುತ್ತದೆ. 7.1ಕ್ಕೆ ಸುಮಾರು 20.1 ಮೀಟರ್, ಅಂದರೆ ಒಂದೊಂದು ಕಡೆಗೆ 10 ಮೀಟರ್ ಚಿಲ್ಲರೆ. ನೀವು 10.4 ಕತ್ತರಿಸಿ, ಕಟ್ಟಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಎಂದು ತೋರಿಸುವುದು) ನೋಡುತ್ತಾ ಎರಡೂ ಕಡೆ ಸಮ ಸಮ ಕಡಿಮೆ ಮಾಡಿ. ಮಧ್ಯದಿಂದ 50 ಓಮ್ ಕೋಆಕ್ಸ್ ಕೇಬಲ್ ಕೆಳಗೆ ಬರಲಿ, ತುದಿಗೆ ಪಿಎಲ್-259 ಕನೆಕ್ಟರ್. ಎರಡು ತೆಂಗಿನ ಮರ ಸಿಕ್ಕರೆ ಅದಕ್ಕಿಂತ ಒಳ್ಳೆಯ ಕಂಬ ಬೇಡ, ಆದರೆ ಮರ ಗಾಳಿಗೆ ತೂಗುತ್ತದೆ, ಹಗ್ಗಕ್ಕೆ ಸ್ವಲ್ಪ ಸಡಿಲ ಬಿಡಿ. ಕರೆಂಟ್ ಲೈನ್ ಹತ್ತಿರ ಮಾತ್ರ ಯಾವ ಕಾರಣಕ್ಕೂ ಬೇಡ. ತಂತಿ ಹರಿದು ಬಿದ್ದರೂ ಲೈನ್ ಮೇಲೆ ಬೀಳದಷ್ಟು ದೂರ ಇರಬೇಕು. ಎಸ್‌ಡಬ್ಲ್ಯುಆರ್ 2ಕ್ಕಿಂತ ಕೆಳಗೆ ಬಂದರೆ ಈ ಸೆಟ್‌ಗೆ ಧಾರಾಳ ಸಾಕು.

ಒಂದು ವಾರ ಸುಮ್ನೆ ಕೇಳಿ

ಟ್ರಾನ್ಸ್‌ಮಿಟ್ ಮಾಡುವ ಆತುರ ಬೇಡ. ಬ್ಯಾಂಡ್ 40ಕ್ಕೆ, ಮೋಡ್ ಎಲ್‌ಎಸ್‌ಬಿಗೆ ಇಡಿ (10 ಮೆಗಾಹರ್ಟ್ಸ್‌ಗಿಂತ ಕೆಳಗೆ ಮಾತಿಗೆ ಎಲ್‌ಎಸ್‌ಬಿ, ಮೇಲೆ ಯುಎಸ್‌ಬಿ, ಇದು ಹ್ಯಾಮ್‌ಗಳ ರೂಢಿ; ಸಿಗ್ನಲ್‌ನ ಕೆಳಗಿನ ಅಥವಾ ಮೇಲಿನ ಅರ್ಧವನ್ನು ಮಾತ್ರ ಕಳಿಸುವ ವಿಧಾನಗಳಿವು). ಡಯಲ್ 0ಯಿಂದ 500ರವರೆಗೆ ಇರುತ್ತದೆ. 7 ಮೆಗಾಹರ್ಟ್ಸ್‌ಗೆ ಅದನ್ನು ಕೂಡಿಸಿಕೊಳ್ಳಬೇಕು, 100ರ ಹತ್ತಿರ ಇದ್ದರೆ ನೀವು 7.100ರಲ್ಲಿದ್ದೀರಿ. ಡಯಲ್ ಸುಳ್ಳು ಹೇಳುತ್ತಿದೆ ಅನ್ನಿಸಿದರೆ ಒಳಗಿನ ಕ್ಯಾಲಿಬ್ರೇಟರ್ ಹಾಕಿ. ಪ್ರತಿ 100 ಕಿಲೋಹರ್ಟ್ಸ್‌ಗೆ ಒಂದು ಸಿಳ್ಳೆ ಬರುತ್ತದೆ. ಸಿಳ್ಳೆ ಇಳಿದು ಇಳಿದು ನಿಲ್ಲುವ ಜಾಗಕ್ಕೆ ಡಯಲ್‌ನ ಗೆರೆ ಹೊಂದಿಸಿ. ಸೆಟ್ ಬಿಸಿಯಾಗುವವರೆಗೆ ಫ್ರೀಕ್ವೆನ್ಸಿ ಸ್ವಲ್ಪ ಜಾರುತ್ತದೆ, ಅರ್ಧ ಗಂಟೆ ಮೊದಲೇ ಆನ್ ಮಾಡಿಟ್ಟರೆ ಈ ಗೋಳು ಇರುವುದಿಲ್ಲ.

ಪ್ರಿಸೆಲೆಕ್ಟರ್ ಎಂಬ ಗುಬುಟನ್ನು ಈ ವಾರದಲ್ಲಿ ಚೆನ್ನಾಗಿ ಪರಿಚಯ ಮಾಡಿಕೊಳ್ಳಿ. ಮೆಲ್ಲಗೆ ತಿರುಗಿಸಿದರೆ ಒಂದು ಜಾಗದಲ್ಲಿ ಗದ್ದಲ ಒಮ್ಮೆಲೇ ಏರುತ್ತದೆ. ಅದೇ ಪೀಕ್. ಕೇಳುವಾಗ ಸಿಕ್ಕಿದ ಈ ಪೀಕ್ ಕಳಿಸುವಾಗಲೂ ಸರಿಯಾದ ಜಾಗವೇ. ಕಿವಿಯಿಂದ ಇದನ್ನು ಹಿಡಿಯಲು ಬಂದರೆ ಟ್ಯೂನಿಂಗ್‌ನ ಅರ್ಧ ಕೆಲಸ ಕಲಿತ ಹಾಗೆ.

ಬರೀ ಗೊರಗೊರ ಕೇಳುತ್ತಿದ್ದರೆ ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಯುಪಿಎಸ್ ಒಂದೊಂದಾಗಿ ಆಫ್ ಮಾಡಿ ನೋಡಿ. ಸೆಟ್‌ನಲ್ಲಿ ನಾಯ್ಸ್ ಬ್ಲಾಂಕರ್ ಇದೆ, ಆದರೆ ಅದು ಸ್ಕೂಟರ್ ಪ್ಲಗ್‌ನ ಟಪಟಪ ಸದ್ದಿಗೆ ಮಾಡಿದ್ದು, ಎಲ್‌ಇಡಿಯ ಗೊರಗೊರಕ್ಕೆ ಅಷ್ಟಾಗಿ ಕೆಲಸ ಮಾಡದು.

ಟ್ಯೂನ್ ಮಾಡುವುದು

ಇಲ್ಲಿ ನಿಧಾನ ಓದಿ. ಮೊದಲ ಸಲ ಆಂಟೆನಾ ಬದಲು 50 ಓಮ್ ಡಮ್ಮಿ ಲೋಡ್ (ಪವರನ್ನು ಶಾಖವಾಗಿ ಕರಗಿಸುವ ರೆಸಿಸ್ಟರ್) ಹಾಕಿ. ಗಾಳಿಯಲ್ಲಿ ಬೇರೆಯವರಿಗೆ ತೊಂದರೆ ಕೊಡದೆ ಎಷ್ಟು ಬೇಕಾದರೂ ಕಲಿಯಬಹುದು.

ಹೀಟರ್ ಹಾಕಿ ಕೆಲವು ನಿಮಿಷ ಬಿಡಿ. ಫ್ಯಾನ್ ತಿರುಗುತ್ತಿದೆಯಾ ನೋಡಿ. ಮೀಟರ್ ಐಸಿಗೆ ಇಡಿ, ಅದು ಫೈನಲ್ ವಾಲ್ವ್‌ಗಳು ಎಳೆಯುವ ಕರೆಂಟ್. ಮೈಕ್ ಗೇನ್ (ದನಿಯ ಮಟ್ಟ), ಕ್ಯಾರಿಯರ್ (ಟ್ಯೂನ್ ಮಾಡುವಾಗಿನ ಸಿಗ್ನಲ್ ಮಟ್ಟ) ಎರಡೂ ಸೊನ್ನೆಗೆ ತಂದು, ಎಲ್‌ಎಸ್‌ಬಿಯಲ್ಲಿಟ್ಟು ಟ್ರಾನ್ಸ್‌ಮಿಟ್‌ಗೆ ಹಾಕಿದಾಗ ಮುಳ್ಳು 60 ಮಿಲಿ ಆಂಪಿಯರ್ ತೋರಿಸಬೇಕು. ಜಾಸ್ತಿಯೋ ಕಡಿಮೆಯೋ ಇದ್ದರೆ ಒಳಗಿನ ಬಯಾಸ್ (ಸಿಗ್ನಲ್ ಇಲ್ಲದಾಗಿನ ಕರೆಂಟನ್ನು ನಿಗದಿ ಮಾಡುವುದು) ಸರಿ ಮಾಡಬೇಕು. ಮುಳ್ಳು ತಾನೇ ಮೇಲೆ ಮೇಲೆ ಹೋಗುತ್ತಿದ್ದರೆ ತಕ್ಷಣ ನಿಲ್ಲಿಸಿ.

ಪ್ಲೇಟ್ ಮತ್ತು ಲೋಡ್ ಗುಬುಟುಗಳನ್ನು ಆಯಾ ಬ್ಯಾಂಡಿಗೆ ಹೇಳಿದ ಗುರುತಿಗೆ ಇಡಿ. ಮೋಡ್ ಟ್ಯೂನ್‌ಗೆ ತಿರುಗಿಸಿ, ಟ್ರಾನ್ಸ್‌ಮಿಟ್ ಕೊಟ್ಟು, ಮುಳ್ಳು 60ರಿಂದ ಸ್ವಲ್ಪವೇ ಮೇಲೇಳುವಷ್ಟು ಕ್ಯಾರಿಯರ್ ಏರಿಸಿ. ಪ್ರಿಸೆಲೆಕ್ಟರ್ ಆಡಿಸಿ ಮುಳ್ಳು ಅತಿ ಮೇಲೆ ಹೋಗುವ ಜಾಗ ಹಿಡಿಯಿರಿ. ಈಗ ಪ್ಲೇಟ್ ಗುಬುಟು ತಿರುಗಿಸಿದರೆ ಒಂದು ಕಡೆ ಮುಳ್ಳು ಕೆಳಗೆ ಇಳಿದು ಮತ್ತೆ ಏರುತ್ತದೆ. ಆ ಇಳಿದ ಜಾಗವನ್ನು ಡಿಪ್ ಅನ್ನುತ್ತಾರೆ. ಅಲ್ಲೇ ನಿಲ್ಲಿಸಿ. ಆಮೇಲೆ ಮೀಟರನ್ನು ಪಿಒಗೆ (ಹೊರಹೋಗುವ ಪವರ್) ಬದಲಿಸಿ, ಕ್ಯಾರಿಯರ್ ಏರಿಸಿ, ಪ್ಲೇಟ್ ಒಂಚೂರು, ಲೋಡ್ ಒಂಚೂರು, ಹೀಗೆ ಒಂದಾದ ಮೇಲೊಂದು ಆಡಿಸುತ್ತಾ ಮುಳ್ಳು ಅತಿ ಜಾಸ್ತಿ ತೋರಿಸುವ ಕಡೆ ತನ್ನಿ.

ಒಂದು ಸಲಕ್ಕೆ ಹತ್ತು ಸೆಕೆಂಡ್ ಮಾತ್ರ. ಬಾಯಲ್ಲಿ ಎಣಿಸಿ. ಹತ್ತು ಆಯಿತು, ಬಿಡಿ, ಅರ್ಧ ನಿಮಿಷ ತಣಿಯಲಿ, ಮತ್ತೆ ಶುರು ಮಾಡಿ. 6ಜೆಎಸ್6ಸಿ ಹುಟ್ಟಿದ್ದು ಹಳೇ ಕಲರ್ ಟಿವಿಗಳಿಗಾಗಿ. ಮಾತಿನ ಏರಿಳಿತ ಅದು ಚೆನ್ನಾಗಿ ತಡೆಯುತ್ತದೆ, ಟ್ಯೂನ್ ತಪ್ಪಿದ ಜಾಗದಲ್ಲಿ ಬಿಡದೆ ಒತ್ತಿ ಹಿಡಿದರೆ ಪ್ಲೇಟ್ ಕೆಂಪಗೆ ಕಾದು ಪ್ರಾಣ ಬಿಡುತ್ತದೆ. ನಾನು ಶುರುವಿನಲ್ಲಿ ಡಿಪ್ ಹುಡುಕುತ್ತಾ ಅರ್ಧ ನಿಮಿಷ ಹಿಡಿದಿದ್ದೆ. ಒಂದು ವಾಲ್ವ್ ಹೋಯಿತು. ಒಂದನ್ನೇ ಹಾಕುವಂತಿಲ್ಲ, ಹೊಂದುವ ಜೋಡಿಯೇ ಬೇಕು, ಅದು ಸಿಗಲು ನಾಲ್ಕು ತಿಂಗಳು ಕಾದೆ. ಬೇರೆ ತಯಾರಕರ ವಾಲ್ವ್ ಹಾಕಿದರೆ ನ್ಯೂಟ್ರಲೈಸೇಷನ್ (ಫೈನಲ್ ತಾನೇ ಸಿಗ್ನಲ್ ಹುಟ್ಟಿಸದಂತೆ ಹೊಂದಿಸುವುದು) ಮತ್ತೆ ಮಾಡಬೇಕು, ಆ ಕೆಲಸವನ್ನು ಅನುಭವ ಇರುವ ಹ್ಯಾಮ್ ಪಕ್ಕದಲ್ಲಿ ಕೂತಾಗ ಮಾಡಿ.

ಇಷ್ಟೆಲ್ಲ ಯಾಕೆ ಅಂದರೆ, ಹೊಸ ಸೆಟ್‌ನಲ್ಲಿ ಇದನ್ನು ಯಂತ್ರವೇ ಒಳಗೆ ಮಾಡಿಬಿಡುತ್ತದೆ. ಇಲ್ಲಿ ಆಂಟೆನಾ ಒದ್ದೆಯಾದರೆ ಲೋಡ್ ಗುಬುಟಿನ ಜಾಗ ಬದಲಾಗುವುದು ನಿಮ್ಮ ಬೆರಳಿಗೇ ಗೊತ್ತಾಗುತ್ತದೆ, ಪುಸ್ತಕದಲ್ಲಿ ಓದಿದ್ದ ರೆಸೊನೆನ್ಸ್ ಅಂದರೆ ಏನು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಈ ಡಿಪ್ ನೋಡಿದ ದಿನ.

ಮಾತು

ಡಮ್ಮಿ ಲೋಡ್ ತೆಗೆದು ಆಂಟೆನಾ ಹಾಕಿ, ಖಾಲಿ ಫ್ರೀಕ್ವೆನ್ಸಿಯಲ್ಲಿ ಚುಟುಕಾಗಿ ಮತ್ತೊಮ್ಮೆ ಟ್ಯೂನ್ ಮಾಡಿ. ಮೋಡ್ ಎಲ್‌ಎಸ್‌ಬಿಗೆ ತನ್ನಿ, ಮೀಟರ್ ಐಸಿಗೆ. ಸಾಮಾನ್ಯ ದನಿಯಲ್ಲಿ ಮಾತಾಡುತ್ತಾ ಮೈಕ್ ಗೇನ್ ಏರಿಸಿ, ಮುಳ್ಳು 150ರಿಂದ 200 ಮಿಲಿ ಆಂಪಿಯರ್‌ವರೆಗೆ ಕುಣಿದರೆ ಸಾಕು. ಇನ್ನೂ ಏರಿಸಿದರೆ ದನಿ ಒಡೆಯುತ್ತದೆ, ಅಕ್ಕಪಕ್ಕದ ಫ್ರೀಕ್ವೆನ್ಸಿಯವರಿಗೆ ಕಿರಿಕಿರಿ. ಈಗಿನ ಮೈಕ್ ಜೋಡಿಸಿದಾಗ ದನಿ ತೀರಾ ಸಣ್ಣಗೆ ಬಂದರೆ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಹೊಂದಿಲ್ಲ ಅಂತ ತಿಳಿಯಿರಿ. ಈ ಸೆಟ್‌ಗೆ ಹೈ ಇಂಪೀಡೆನ್ಸ್ ಮೈಕ್ ಬೇಕು.

ಬೆಳಿಗ್ಗೆ 40 ಮೀಟರ್‌ನಲ್ಲಿ ದಕ್ಷಿಣ ಭಾರತದ ಹ್ಯಾಮ್‌ಗಳ ನೆಟ್‌ಗಳು (ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿ ಮಾತಾಡುವ ಕೂಟಗಳು) ನಡೆಯುತ್ತವೆ. ನಡುವೆ ನುಗ್ಗಬೇಡಿ. ನೆಟ್ ಕಂಟ್ರೋಲ್ (ಕೂಟ ನಡೆಸುವವರು) ಹೊಸಬರನ್ನು ಕರೆದಾಗ ನಿಮ್ಮ ಕಾಲ್‌ಸೈನನ್ನು ವಿಕ್ಟರ್ ಯೂನಿಫಾರ್ಮ್ (ವಿ, ಯು ಅಕ್ಷರಗಳಿಗೆ) ಎಂದು ಬಿಡಿಸಿ ಒಂದೇ ಸಲ ಹೇಳಿ, ಕಾಯಿರಿ. ಸೆಟ್ ಯಾವುದು ಅಂತ ಕೇಳಿದಾಗ ಎಫ್‌ಟಿ-101ಇ ಅನ್ನಿ. ಹಿರಿಯರು ಯಾರಾದರೂ ಇದ್ದರೆ ಅವರ ದನಿ ಬದಲಾಗುತ್ತದೆ, ತಮ್ಮ ಕಾಲದ ಸೆಟ್‌ನ ಕಥೆ ಹೇಳಲು ಶುರು ಮಾಡುತ್ತಾರೆ, ಬಿಡುವು ಮಾಡಿಕೊಂಡು ಕೇಳಿ. ಅವರ ದನಿ ಬಾತುಕೋಳಿ ಹಾಗೆ ಕೇಳಿಸಿದರೆ ಡಯಲ್ ಮುಟ್ಟಬೇಡಿ, ಕ್ಲಾರಿಫೈಯರ್ (ಕೇಳುವ ಫ್ರೀಕ್ವೆನ್ಸಿಯನ್ನಷ್ಟೇ ಸ್ವಲ್ಪ ಸರಿಸುವ ಗುಬುಟು) ಹಾಕಿ ಸರಿ ಮಾಡಿ. ಮಾತಾಡಿದ್ದನ್ನು ಲಾಗ್‌ಬುಕ್‌ನಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯದಲ್ಲಿ ಬರೆಯಿರಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ಆಯಿತು.

ಮುಗಿದ ಮೇಲೆ ಮೈಕ್ ಇಟ್ಟು, ಸ್ವಲ್ಪ ಹೊತ್ತು ಟ್ರಾನ್ಸ್‌ಮಿಟ್ ಮಾಡದೆ ಫ್ಯಾನ್ ತಿರುಗಲು ಬಿಟ್ಟು ಆಫ್ ಮಾಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ದಿನಗಳಲ್ಲಿ ಕೋಆಕ್ಸ್ ಕಿತ್ತು ಕಿಟಕಿಯ ಆಚೆ ಹಾಕುವುದನ್ನು ಮರೆಯಬೇಡಿ. ಮಳೆಗಾಲ ಶುರುವಾದ ಮೇಲೆ ಮಾತಾಡಲು ಯಾರೂ ಸಿಗದಿದ್ದರೂ ಚಿಂತೆಯಿಲ್ಲ, ವಾರಕ್ಕೊಮ್ಮೆ ಒಂದು ಗಂಟೆ ಸೆಟ್ ಆನ್ ಮಾಡಿಡಿ, ಒಳಗಿನ ತೇವ ಆರುತ್ತದೆ.