ಸನ್ನದು ಸಿಕ್ಕ ಮೇಲೆ ಬಾರ್ ನಡೆಸುವುದು ಹೇಗೆ?

ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಮರುವರ್ಷದ ಜೂನ್ 30ಕ್ಕೆ ಮುಗಿಯುತ್ತದೆ. ಜೂನ್ ಬಂತೆಂದರೆ ಶುಲ್ಕ, ಚಲನ್, ನವೀಕರಣ ಎಂದು ಮಾಲೀಕರು ಓಡಾಡುತ್ತಾರೆ. ಆ ಓಡಾಟ ಬೇಕೇ ಬೇಕು. ಆದರೆ ಸನ್ನದಿಗೆ, ಅಂದರೆ ಮದ್ಯ ಮಾರುವ ಲೈಸೆನ್ಸಿಗೆ, ಪೆಟ್ಟು ಬೀಳುವುದು ಹೆಚ್ಚಾಗಿ ನವೀಕರಣದಲ್ಲಲ್ಲ, ಗಿರಾಕಿ ತುಂಬಿದ ಒಂದು ಶನಿವಾರ ರಾತ್ರಿ. ವಯಸ್ಸು ಕೇಳದೆ ಕೊಟ್ಟ ಒಂದು ಬಿಯರ್, ಲೆಕ್ಕಕ್ಕೆ ಸಿಗದ ಎರಡು ಬಾಟಲಿ, ಪಾರ್ಕಿಂಗ್ ಜಾಗಕ್ಕೆ ಹಾಕಿದ ನಾಲ್ಕು ಕುರ್ಚಿ, ಇಷ್ಟೇ ಸಾಕು. ಕರ್ನಾಟಕ ಅಬಕಾರಿ ಕಾಯ್ದೆ, 1965ರ 36ನೇ ಸೆಕ್ಷನ್ ಸನ್ನದುದಾರರ ತಪ್ಪುಗಳಿಗೇ ಮೀಸಲು. ಸನ್ನದನ್ನು ಅಮಾನತು ಮಾಡುವ, ರದ್ದುಪಡಿಸುವ ಅಧಿಕಾರ ಅದೇ ಕಾಯ್ದೆಯ 29ನೇ ಸೆಕ್ಷನ್‌ನಲ್ಲಿದೆ. ಹೊಸದಾಗಿ ಬಾರ್ ನಡೆಸಲು ಇಳಿದವರು ಮತ್ತು ಕೌಂಟರ್ ಹೊಣೆ ಹೊತ್ತ ಮ್ಯಾನೇಜರ್‌ಗಳು ದಿನದಿನವೂ ಏನೇನು ನೋಡಿಕೊಳ್ಳಬೇಕು ಎಂಬುದು ಇಲ್ಲಿದೆ.

ಮೊದಲು ನಿಮ್ಮ ಸನ್ನದು ಯಾವುದೆಂದು ತಿಳಿಯಿರಿ

ಸಿಎಲ್-2 ಎಂದರೆ ಚಿಲ್ಲರೆ ಮದ್ಯದಂಗಡಿ. ಮುಚ್ಚಿದ ಬಾಟಲಿಯನ್ನು ಎಂಆರ್‌ಪಿಗೆ ಮಾರಬೇಕು, ಅಲ್ಲೇ ಕುಡಿಯಲು ಬಿಡುವಂತಿಲ್ಲ. ಸಿಎಲ್-9 ಎಂದರೆ ಬಾರ್ ಆ್ಯಂಡ್ ರೆಸ್ಟೊರೆಂಟ್. ಒಳಗೆ ಕೂತವರಿಗೆ ಗ್ಲಾಸಿನಲ್ಲಿ ಬಡಿಸಬೇಕು, ಮುಚ್ಚಿದ ಬಾಟಲಿಯನ್ನು ಕೈಗೆ ಕೊಟ್ಟು ಕಳಿಸುವಂತಿಲ್ಲ. ಸಿಎಲ್-7 ಹೋಟೆಲ್ ಮತ್ತು ವಸತಿಗೃಹಕ್ಕೆ, ಸಿಎಲ್-4 ಕ್ಲಬ್ಬಿಗೆ, ಸಿಎಲ್-6ಎ ಸ್ಟಾರ್ ಹೋಟೆಲಿಗೆ, ಸಿಎಲ್-5 ಒಂದು ದಿನದ ಸಮಾರಂಭದಂಥ ತಾತ್ಕಾಲಿಕ ಸಂದರ್ಭಕ್ಕೆ. ಸಿಎಲ್-7 ಪಡೆದು ರೂಮುಗಳಿಗೆ ಬೀಗ ಹಾಕಿ ಬಾರ್ ಮಾತ್ರ ನಡೆಸುವವರಿದ್ದಾರೆ. ಆ ಸನ್ನದು ಸಿಕ್ಕಿರುವುದೇ ರೂಮುಗಳ ಆಧಾರದ ಮೇಲೆ. ತಪಾಸಣೆಗೆ ಬಂದವರು ಮೊದಲು ಕೇಳುವುದು ರೂಮಿನ ಕೀಲಿಯನ್ನೇ.

ಸಿಎಲ್-2, ಸಿಎಲ್-9 ಹೊಸದಾಗಿ ಸಿಗುವುದು ದಶಕಗಳಿಂದ ಹೆಚ್ಚುಕಡಿಮೆ ನಿಂತೇ ಹೋಗಿದ್ದರಿಂದ ಪೇಟೆಯಲ್ಲಿ ಕೈ ಬದಲಾಗುವುದೆಲ್ಲ ಹಳೆಯ ಸನ್ನದುಗಳು. ದೊಡ್ಡ ಗುಂಡಿ ಇರುವುದು ಇಲ್ಲೇ. ಸನ್ನದು ಒಬ್ಬರ ಹೆಸರಿನಲ್ಲಿ, ವ್ಯಾಪಾರ ಇನ್ನೊಬ್ಬರ ಕೈಯಲ್ಲಿ, ನಡುವೆ ತಿಂಗಳ ಬಾಡಿಗೆಯ ಒಂದು ಕರಾರು ಪತ್ರ. ಸನ್ನದನ್ನು ಹೀಗೆ ಒಳಗುತ್ತಿಗೆಗೆ ಕೊಡುವುದಕ್ಕೆ ನಿಯಮ ಒಪ್ಪುವುದಿಲ್ಲ. ಪ್ರಕರಣವಾದರೆ ಹೆಸರಿದ್ದವರು ಆರೋಪಿ, ಹಣ ಹಾಕಿದವರಿಗೆ ಕೇಳುವ ಹಕ್ಕೇ ಇಲ್ಲ. ಇಲಾಖೆಯ ಮೂಲಕವೇ ವರ್ಗಾವಣೆ ಮಾಡಿಸಿಕೊಳ್ಳಿ. ಅದು ಮುಗಿಯುವವರೆಗೆ ಮುಂಗಡ ಕೊಟ್ಟು ಬಾಗಿಲು ತೆರೆಯಬೇಡಿ.

ಚಕ್ಕುಬಂದಿ ದಾಟಬೇಡಿ

ಸನ್ನದು ವ್ಯಕ್ತಿಗೆ ಎಷ್ಟೋ ಜಾಗಕ್ಕೂ ಅಷ್ಟೇ ಸಂಬಂಧಿಸಿದ್ದು. ಅನುಮೋದಿತ ನಕ್ಷೆಯಲ್ಲಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆದಿರುತ್ತದೆ, ಅದರ ಒಳಗೆ ಮಾತ್ರ ಮದ್ಯ ಇಡಬಹುದು, ಬಡಿಸಬಹುದು. ನಕ್ಷೆ ಹಿಡಿದು ಒಮ್ಮೆ ಜಾಗವನ್ನೆಲ್ಲ ಸುತ್ತಿ ಬನ್ನಿ. ತಾರಸಿಯ ಮೇಲೆ ಹೊಸದಾಗಿ ಹಾಕಿದ ಶೀಟ್ ಚಾವಣಿ, ಹಿಂದಿನ ಗೋಡೆ ಒಡೆದು ಸೇರಿಸಿಕೊಂಡ ಕೋಣೆ, ಪಕ್ಕದ ಮಳಿಗೆಯನ್ನು ಗೋದಾಮು ಮಾಡಿಕೊಂಡದ್ದು, ಇವು ಯಾವುವೂ ನಕ್ಷೆಯಲ್ಲಿರುವುದಿಲ್ಲ. ಜಾಗ ಹೆಚ್ಚಿಸಬೇಕೆಂದರೆ ಮೊದಲು ಪರಿಷ್ಕೃತ ನಕ್ಷೆಗೆ ಅನುಮತಿ ಪಡೆಯಿರಿ, ಗಾರೆ ಕೆಲಸ ಆಮೇಲೆ. ಬಾಗಿಲಾಚೆ ಫುಟ್‌ಪಾತ್ ಮೇಲೆ ಗಿರಾಕಿಗಳು ಗ್ಲಾಸ್ ಹಿಡಿದು ನಿಂತರೆ ಅದು ಸಾರ್ವಜನಿಕ ಸ್ಥಳದಲ್ಲಿ ಕುಡಿದಂತೆ, ಕಾಯ್ದೆಯ 15ಎ ಸೆಕ್ಷನ್ ಅದನ್ನು ನಿಷೇಧಿಸುತ್ತದೆ.

ಜಾಗ ಬದಲಾಯಿಸುವವರು ಹೆದ್ದಾರಿಯ ಅಂತರವನ್ನು ಮರೆಯಬಾರದು. ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದು ಎಂದಿತು. 2017ರ ಮಾರ್ಚ್‌ನಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಇದನ್ನು 220 ಮೀಟರ್‌ಗೆ ಇಳಿಸಿತು. ಪೌರಸಂಸ್ಥೆಗಳ ವ್ಯಾಪ್ತಿಯೊಳಗಿನ ಸನ್ನದುಗಳಿಗೆ ಆ ಆದೇಶ ಅಡ್ಡಿಯಲ್ಲ ಎಂದು ಅದೇ ವರ್ಷ ಸ್ಪಷ್ಟಪಡಿಸಿತು. ಶಾಲೆ, ದೇವಸ್ಥಾನ, ಆಸ್ಪತ್ರೆಗಳ ಅಂತರದ ನಿಯಮ ಬೇರೆಯೇ ಇದೆ. ಅಳತೆ ಮಾಡಿಸಿ, ದೃಢೀಕೃತ ಸ್ಕೆಚ್ ಕಡತದಲ್ಲಿಡಿ.

ವಯಸ್ಸು: ಕಾರ್ಡ್ ನೋಡಿದರೆ ಸಾಲದು, ದಿನಾಂಕ ಓದಬೇಕು

ಮದ್ಯ ಕೊಡಬಹುದಾದ ಕನಿಷ್ಠ ವಯಸ್ಸು ಅಬಕಾರಿ ಕಾಯ್ದೆಯಲ್ಲಿ 18 ಎಂದಿದ್ದರೂ 1967ರ ಸನ್ನದು ಷರತ್ತುಗಳ ನಿಯಮದ ಪ್ರಕಾರ 21 ವರ್ಷ. ಇದನ್ನು 18ಕ್ಕೆ ಇಳಿಸುವ ಕರಡು 2023ರಲ್ಲಿ ಹೊರಬಿದ್ದು, ವಿರೋಧ ಬಂದ ಮೇಲೆ ಸರ್ಕಾರ ಹಿಂದೆ ಸರಿಯಿತು. ಹಾಗಾಗಿ ನಿಮ್ಮ ಕೌಂಟರಿನಲ್ಲಿ ನಡೆಯಬೇಕಾದ ಲೆಕ್ಕ 21ರದ್ದು. 18 ತುಂಬದ ಮಗುವಿಗೆ ಮದ್ಯ ಕೊಟ್ಟರಂತೂ ವಿಷಯ ಅಬಕಾರಿ ಇಲಾಖೆಯಲ್ಲಿ ಮುಗಿಯುವುದಿಲ್ಲ. ಬಾಲನ್ಯಾಯ ಕಾಯ್ದೆ, 2015ರ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳ ಕೈಯಲ್ಲಿ ಮದ್ಯ ಸಾಗಿಸುವುದಕ್ಕೆ, ಮಾರಿಸುವುದಕ್ಕೆ 78ನೇ ಸೆಕ್ಷನ್‌ನಲ್ಲಿ ಅಷ್ಟೇ ಶಿಕ್ಷೆ ಇದೆ. ಗ್ಲಾಸ್ ತೊಳೆಯುವ ಹುಡುಗನ ವಯಸ್ಸಿನ ದಾಖಲೆ ನಿಮ್ಮಲ್ಲಿದೆಯೇ, ಇವತ್ತೇ ನೋಡಿ.

ಸಿಬ್ಬಂದಿ ಎಡವುವ ಜಾಗಗಳು ಇವು. ‘ಡಿಎಲ್ ಇದೆ, ಅಂದ್ರೆ ದೊಡ್ಡವನೇ’ ಎಂದುಕೊಳ್ಳುತ್ತಾರೆ. ಚಾಲನಾ ಪರವಾನಗಿ, ಮತದಾರರ ಚೀಟಿ ಎರಡೂ 18ಕ್ಕೇ ಸಿಗುತ್ತವೆ, ಅವು ಕೈಯಲ್ಲಿದ್ದ ಮಾತ್ರಕ್ಕೆ 21 ತುಂಬಿದಂತಲ್ಲ. ಕೆಲವು ಹಳೆಯ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. ‘2005’ ಎಂದಷ್ಟೇ ಇದ್ದರೆ 2026ರ ಡಿಸೆಂಬರ್ 31ಕ್ಕೆ ಮೊದಲು ಆತನಿಗೆ 21 ಆಯಿತೆಂದು ಖಚಿತವಾಗಿ ಹೇಳಲಾಗದು. ಅಲ್ಲದೆ ಆಧಾರ್ ಗುರುತಿನ ಪುರಾವೆಯೇ ಹೊರತು ಜನ್ಮದಿನಾಂಕದ ಪುರಾವೆ ಅಲ್ಲವೆಂದು ಅದನ್ನು ಕೊಡುವ ಪ್ರಾಧಿಕಾರವೇ ಹೇಳಿದೆ. ಪಾಸ್‌ಪೋರ್ಟ್, ಡಿಎಲ್, ಪ್ಯಾನ್ ಕಾರ್ಡ್ ಕೇಳುವುದು ವಾಸಿ. ಮೊಬೈಲಿನಲ್ಲಿ ತೋರಿಸಿದರೆ ಗ್ಯಾಲರಿಯ ಫೋಟೊ ಒಪ್ಪಬೇಡಿ, ಫೋಟೊದಲ್ಲಿ ಒಂದು ಅಂಕಿ ತಿದ್ದಲು ಎರಡು ನಿಮಿಷ ಸಾಕು. ಡಿಜಿಲಾಕರ್ ಆ್ಯಪನ್ನು ನಿಮ್ಮೆದುರೇ ತೆರೆಯಲು ಹೇಳಿ.

ಕೌಂಟರಿನ ಒಳಬದಿ, ಬಿಲ್ಲಿಂಗ್ ಯಂತ್ರದ ಪಕ್ಕ ಒಂದು ಸಣ್ಣ ಹಲಗೆ ತೂಗುಹಾಕಿ. ಬಾಗಿಲು ತೆರೆಯುವಾಗ ಪ್ರತಿದಿನ ಸೀಮೆಸುಣ್ಣದಲ್ಲಿ ಅವತ್ತಿನ ಗಡಿ ದಿನಾಂಕ ಬರೆಯಿರಿ. 2025ರ ನವೆಂಬರ್ 14 ಆದರೆ ‘14-11-2004 ಅಥವಾ ಅದಕ್ಕೂ ಮೊದಲು ಹುಟ್ಟಿದವರು’. ಗದ್ದಲದಲ್ಲಿ ಕಳೆಯುವ ಲೆಕ್ಕ ಮಾಡಲು ಹೋದವರೇ ತಪ್ಪುವುದು. ಹಲಗೆ ಇದ್ದರೆ ವೇಟರ್ ಎರಡು ದಿನಾಂಕ ಹೋಲಿಸಿ ನೋಡಿದರೆ ಮುಗಿಯಿತು. ನೋಡಲು 25ಕ್ಕಿಂತ ಚಿಕ್ಕವರೆನಿಸಿದ ಎಲ್ಲರನ್ನೂ ಕೇಳಿ. ಐದು ಜನರ ಗುಂಪಿನಲ್ಲಿ ಒಬ್ಬನಿಗೆ ವಯಸ್ಸಾಗಿಲ್ಲದಿದ್ದರೆ, ಅವನ ಗೆಳೆಯರು ತಮ್ಮ ಗ್ಲಾಸ್ ದಾಟಿಸುತ್ತಾರೆಯೇ ಎಂದು ಕಣ್ಣಿಡುವ ಹೊಣೆಯೂ ನಿಮ್ಮದೇ.

ಪೆಗ್ಗು, ಬಾಟಲಿ, ದಾಸ್ತಾನು

ಖರೀದಿ ರಾಜ್ಯ ಸರ್ಕಾರದ ಪಾನೀಯ ನಿಗಮದ ಡಿಪೊದಿಂದಲೇ ಆಗಬೇಕು. ಇನ್‌ವಾಯ್ಸ್, ಪರ್ಮಿಟ್ ಸರಕಿನ ಜೊತೆಗೇ ಬಂದು ಕಡತ ಸೇರಬೇಕು. ಪೆಟ್ಟಿಗೆ ಇಳಿಸುವಾಗ ಮುಚ್ಚಳದ ಮೇಲಿನ ಅಬಕಾರಿ ಅಂಟುಚೀಟಿ ನೋಡಿ. ಗೋವಾದಿಂದ ತಂದದ್ದು, ಮಿಲಿಟರಿ ಕ್ಯಾಂಟೀನಿನದು ಒಂದೇ ಒಂದು ಬಾಟಲಿ ಷೆಲ್ಫಿನಲ್ಲಿ ಸಿಕ್ಕರೂ, ಅದು ಮಾಲೀಕರ ಸ್ವಂತಕ್ಕೆಂದು ಇಟ್ಟಿದ್ದು ಎಂಬ ಮಾತು ನಡೆಯುವುದಿಲ್ಲ.

ಸ್ಮಾಲ್ 30 ಮಿ.ಲೀ., ಲಾರ್ಜ್ 60 ಮಿ.ಲೀ. ಅಳತೆಯ ಪಾತ್ರೆಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. 750 ಮಿ.ಲೀ. ಬಾಟಲಿಗೆ 25 ಸ್ಮಾಲ್, ಇಲ್ಲಿ ಪೆಗ್ ಎಂದರೂ ಅದೇ. ರಾತ್ರಿಯ ಲೆಕ್ಕ ಹೀಗೆ: ಒಂದು ಬ್ರ್ಯಾಂಡಿನ 10 ತುಂಬಿದ ಬಾಟಲಿ, ಜೊತೆಗೆ 12 ಪೆಗ್ ಉಳಿದ ಒಂದು ಬಾಟಲಿ ಬೆಳಿಗ್ಗೆ ಇತ್ತೆನ್ನಿ, ಅದು 262 ಪೆಗ್. ಒಂದು ಪೆಟ್ಟಿಗೆ, ಅಂದರೆ 12 ಬಾಟಲಿ ಬಂತು, 300 ಪೆಗ್. ಬಿಲ್ಲಿನಲ್ಲಿ 187 ಸ್ಮಾಲ್ ಮಾರಾಟ. ಉಳಿಯಬೇಕಾದ್ದು 375, ಸರಿಯಾಗಿ 15 ಬಾಟಲಿ. ಎಣಿಸಿದಾಗ 14 ಬಾಟಲಿ, ಮೇಲೆ 18 ಪೆಗ್ ಇದ್ದರೆ 7 ಪೆಗ್, ಅಂದರೆ 210 ಮಿ.ಲೀ. ಕಡಿಮೆ.

ಕಡಿಮೆಯಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಕೈಯಳತೆ. ಪಾತ್ರೆ ಬಿಟ್ಟು ಅಂದಾಜಿನಲ್ಲಿ 32 ಮಿ.ಲೀ. ಸುರಿದರೆ ಬಾಟಲಿಗೆ ಒಂದೂವರೆ ಪೆಗ್ ಹೋಗುತ್ತದೆ. ಬಿಲ್ ಹಾಕದೆ ಕೊಟ್ಟ ಪೆಗ್ಗು, ಒಡೆದ ಬಾಟಲಿ ಬರೆಯದಿದ್ದದ್ದು ಇನ್ನುಳಿದ ಕಾರಣ. ಆದರೆ ಲೆಕ್ಕಕ್ಕಿಂತ ಹೆಚ್ಚು ಮದ್ಯ ಸಿಕ್ಕರೆ ಅದು ಕಡಿಮೆಗಿಂತ ಕೆಟ್ಟದ್ದು. ಹೊರಗಿನ ಮಾಲು ಸೇರಿದೆ ಅಥವಾ ನೀರು ಬೆರೆಸಿದೆ ಎಂಬ ಅನುಮಾನ ಬರುವುದೇ ಆಗ. ವಿಸ್ಕಿ, ರಮ್, ಬ್ರಾಂಡಿ ಲೇಬಲ್ ಮೇಲೆ ಸಾಮಾನ್ಯವಾಗಿ 42.8% ಎಂದಿರುತ್ತದೆ. ನೀರು ಬೆರೆಸಿದರೆ ಈ ಅಂಶ ಇಳಿಯುತ್ತದೆ, ಮಾದರಿ ಪರೀಕ್ಷೆಗೆ ಹೋದರೆ ಮುಚ್ಚಿಡಲಾಗದು. ಖಾಲಿ ಬಾಟಲಿಯ ಅಂಟುಚೀಟಿ ಹರಿದು ಹಾಕಿ, ಅದನ್ನು ಮತ್ತೆ ತುಂಬಲು ಯಾರಿಗೂ ಅವಕಾಶ ಇರಬಾರದು.

ಯಾವಾಗ ನಿಲ್ಲಿಸಬೇಕು

ಇದು ಎಲ್ಲಕ್ಕಿಂತ ಕಷ್ಟದ ಕೆಲಸ, ಕಲಿಸದೆ ಬರುವುದೂ ಇಲ್ಲ. 42.8% ತೀವ್ರತೆಯ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. 650 ಮಿ.ಲೀ. ಬಿಯರ್ 5%ನದ್ದಾದರೆ ಸುಮಾರು 26 ಗ್ರಾಂ, 8%ನ ಸ್ಟ್ರಾಂಗ್ ಆದರೆ 41 ಗ್ರಾಂ. ಅಂದರೆ ಒಂದು ಸ್ಟ್ರಾಂಗ್ ಬಿಯರ್ ನಾಲ್ಕು ಸ್ಮಾಲ್‌ಗೆ ಸಮ. ‘ಬರೀ ಬಿಯರ್ ಕುಡಿದಿದ್ದಾರೆ’ ಎಂದು ವೇಟರ್ ಹೇಳಿದರೆ ಎಷ್ಟು, ಯಾವುದು ಎಂದು ಕೇಳಿ. ದೇಹ ಗಂಟೆಗೆ ಹೆಚ್ಚುಕಡಿಮೆ ಒಂದು ಸ್ಮಾಲ್‌ನಷ್ಟನ್ನು ಮಾತ್ರ ಕರಗಿಸುತ್ತದೆ. ಕಾಫಿ, ನಿಂಬೆಹಣ್ಣು, ತಣ್ಣೀರು ಅದನ್ನು ವೇಗಗೊಳಿಸುವುದಿಲ್ಲ. ಹೊಟ್ಟೆಯಲ್ಲಿ ಊಟ ಇದ್ದರೆ ಏರುವುದು ನಿಧಾನ, ಅದಕ್ಕೇ ಮೊದಲ ಆರ್ಡರ್ ಜೊತೆಗೇ ತಿಂಡಿಯ ಮೆನು ಇಡಬೇಕು.

ಹೇಳಿದ್ದನ್ನೇ ಹೇಳುವುದು, ಗ್ಲಾಸ್ ಇಡಲು ಹೋಗಿ ಮೇಜಿನ ಅಂಚು ತಪ್ಪುವುದು, ನೋಟು ಎಣಿಸಲಾಗದೆ ಪರ್ಸನ್ನೇ ಕೊಟ್ಟುಬಿಡುವುದು, ಪಕ್ಕದ ಟೇಬಲ್ಲಿನತ್ತ ತಿರುತಿರುಗಿ ಕೂಗುವುದು, ಇವು ಕಂಡರೆ ಮುಂದಿನ ಪೆಗ್ ಬೇಡ. ‘ನಿಮಗೆ ಜಾಸ್ತಿಯಾಗಿದೆ’ ಎಂದರೆ ಜಗಳ ಗ್ಯಾರಂಟಿ. ‘ಅಣ್ಣ, ಇನ್ನು ಕೊಡಕ್ಕಾಗಲ್ಲ, ರೂಲ್ಸ್ ಇದೆ. ಊಟ ತರ್ಲಾ? ಆಟೊ ಕರೀಲಾ?’ ಎಂದು ತಗ್ಗಿದ ದನಿಯಲ್ಲಿ ಹೇಳಿ, ನೀರಿನ ಬಾಟಲಿ ಮುಂದಿಡಿ. ಜೊತೆಗಿದ್ದವರಲ್ಲಿ ಸ್ವಲ್ಪ ಎಚ್ಚರವಿದ್ದವರನ್ನು ಪಕ್ಕಕ್ಕೆ ಕರೆದು ಹೇಳಿದರೆ ಅರ್ಧ ಕೆಲಸ ಆಯಿತು. ಎಲ್ಲರ ಮುಂದೆ ಬೇಡ, ಮೈ ಮುಟ್ಟಲೇಬೇಡಿ, ಇನ್ನೊಬ್ಬ ಸಿಬ್ಬಂದಿ ಹತ್ತಿರದಲ್ಲಿರಲಿ. ಒಬ್ಬ ವೇಟರ್ ಇಲ್ಲವೆಂದದ್ದನ್ನು ಮ್ಯಾನೇಜರ್ ಹೌದು ಎನ್ನಬಾರದು. ಹಾಗೆ ಒಮ್ಮೆ ಆದರೆ ಆ ವೇಟರ್ ಮತ್ತೆಂದೂ ಯಾರಿಗೂ ಇಲ್ಲವೆನ್ನುವುದಿಲ್ಲ.

ವಾಹನ ಚಾಲಕರಿಗೆ ರಕ್ತದಲ್ಲಿ ಮಿತಿ 100 ಮಿ.ಲೀ.ಗೆ 30 ಮಿ.ಗ್ರಾಂ, ಮೀರಿದರೆ ಮೊದಲ ಬಾರಿಗೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. ಬೈಕ್ ಕೀಲಿಯನ್ನು ಕೌಂಟರಿನಲ್ಲಿ ಇಟ್ಟುಕೊಂಡು ಮರುದಿನ ಕೊಡುವ ಪದ್ಧತಿ ಹಾಕಿಕೊಳ್ಳಿ. ಪ್ರಜ್ಞೆ ತಪ್ಪಿ ಬಿದ್ದವರನ್ನು ‘ಮಲಗಿರಲಿ ಬಿಡು’ ಎಂದು ಮೂಲೆಯಲ್ಲಿ ಬಿಡುವುದು ಪ್ರಾಣಾಪಾಯದ ಮಾತು. ಮಗ್ಗುಲಿಗೆ ಹೊರಳಿಸಿ, ವಾಂತಿ ಗಂಟಲಿಗೆ ಸಿಕ್ಕದಂತೆ ನೋಡಿ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಒಬ್ಬರು ಪಕ್ಕದಲ್ಲೇ ಕೂತಿರಬೇಕು.

ಸಮಯ ಮತ್ತು ಒಣ ದಿನ (ಡ್ರೈ ಡೇ)

ಸಿಎಲ್-2ಕ್ಕೆ ಬೆಳಿಗ್ಗೆ 10ರಿಂದ ರಾತ್ರಿ 10.30, ಸಿಎಲ್-9ಕ್ಕೆ ರಾತ್ರಿ 11.30ರವರೆಗೆ. ಬೆಂಗಳೂರು ಪಾಲಿಕೆ ವ್ಯಾಪ್ತಿಯ ಬಾರ್‌ಗಳಿಗೆ 2024ರಿಂದ ರಾತ್ರಿ 1ರವರೆಗೆ ಅವಕಾಶವಿದೆ. ಮುಚ್ಚಲು ಅರ್ಧ ಗಂಟೆ ಇರುವಾಗ ಕೊನೆಯ ಆರ್ಡರ್ ತೆಗೆದುಕೊಳ್ಳಿ. ಆಗ ಒಬ್ಬರಿಗೇ ನಾಲ್ಕು ಪೆಗ್ ಒಟ್ಟಿಗೆ ಕೊಡಬೇಡಿ, ಬಾಗಿಲಾಚೆ ನಡೆಯುವ ಹೊಡೆದಾಟಕ್ಕೆ ಅದೇ ಬೀಜ. ಚುನಾವಣೆಯಲ್ಲಿ ಮತದಾನ ಮುಗಿಯುವ ವೇಳೆಗೆ ಕೊನೆಗೊಳ್ಳುವ 48 ಗಂಟೆ ಮಾರಾಟ ಬಂದ್, ಎಣಿಕೆಯ ದಿನವೂ ಬಂದ್, ಅಕ್ಟೋಬರ್ 2 ಬಂದ್. ಹಬ್ಬ, ಮೆರವಣಿಗೆ ಇದ್ದಾಗ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಪ್ರತ್ಯೇಕ ಆದೇಶ ಹೊರಡಿಸುತ್ತಾರೆ, ಪ್ರತಿಯನ್ನು ಬಾಗಿಲಿಗೆ ಅಂಟಿಸಿ. ಆ ದಿನ ಹಿಂಬಾಗಿಲನ್ನೂ ಬೀಗ ಹಾಕಿಸಿ, ಕೀಲಿ ನಿಮ್ಮಲ್ಲೇ ಇರಲಿ.

ತಪಾಸಣೆಗೆ ಬಂದಾಗ

ಸನ್ನದಿನ ಮೂಲಪ್ರತಿ, ಅನುಮೋದಿತ ನಕ್ಷೆ, ಶುಲ್ಕದ ಚಲನ್, ದಾಸ್ತಾನು ವಹಿ, ಡಿಪೊ ಇನ್‌ವಾಯ್ಸ್‌ಗಳು, ಸಿಬ್ಬಂದಿ ಪಟ್ಟಿ ಒಂದೇ ಕಪಾಟಿನಲ್ಲಿರಲಿ, ರಾತ್ರಿ ಪಾಳಿಯ ಮ್ಯಾನೇಜರ್ ಬಳಿ ಕೀಲಿ ಇರಲಿ. ಮಾಲೀಕರು ಊರಲ್ಲಿಲ್ಲ, ಕೀಲಿ ಅವರ ಹತ್ತಿರ ಎಂಬ ಉತ್ತರದಿಂದಲೇ ಅನುಮಾನ ಹುಟ್ಟುತ್ತದೆ. ಇನ್ನೊಂದು ಪುಸ್ತಕವನ್ನೂ ಇಡಿ. ಮದ್ಯ ನಿರಾಕರಿಸಿದ್ದು, ಜಗಳ ಆದದ್ದು, 112ಕ್ಕೆ ಕರೆ ಮಾಡಿದ್ದು, ದಿನಾಂಕ, ಗಂಟೆ, ಬರೆದವರ ಸಹಿ ಸಮೇತ. ‘ರಾತ್ರಿ 9.40, ಟೇಬಲ್ 6, ವಯಸ್ಸಿನ ದಾಖಲೆ ತೋರಿಸಲಿಲ್ಲ, ಕೊಡಲಿಲ್ಲ’, ಇಷ್ಟು ಬರೆದರೆ ಸಾಕು. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಕೂತು ಬರೆದದ್ದು ಗೊತ್ತಾಗಿಬಿಡುತ್ತದೆ.

ಮಹಜರು ಬರೆದರೆ ಪೂರ್ತಿ ಓದಿ, ಬಾಟಲಿಗಳ ಸಂಖ್ಯೆ ತಾಳೆ ನೋಡಿ ಸಹಿ ಮಾಡಿ, ಪ್ರತಿ ಕೇಳಿ ಪಡೆಯಿರಿ. ಆಮೇಲೆ ಕಾರಣ ಕೇಳಿ ನೋಟಿಸ್ ಬಂದರೆ ಅದರಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ಉತ್ತರ ಕೊಡಿ. ಆ ದಿನದ ವಹಿ ಪುಟ, ಬಿಲ್ಲುಗಳು, ಸಿಸಿಟಿವಿ ದೃಶ್ಯ ಜೊತೆಗಿರಲಿ. ದೃಶ್ಯ ಕೆಲವೇ ವಾರಗಳಲ್ಲಿ ತಾನಾಗಿ ಅಳಿಸಿಹೋಗುವಂತೆ ಯಂತ್ರ ಹೊಂದಿಸಿರುತ್ತಾರೆ, ಹಾಗಾಗಿ ತಪಾಸಣೆ ನಡೆದ ರಾತ್ರಿಯೇ ಅದನ್ನು ಬೇರೆ ಡಿಸ್ಕ್‌ಗೆ ತೆಗೆದಿಡಿ.