80 ಅಡಿಯ ವಿಮಾನ, ನಮ್ಮ ಊಟದ ಮೇಜಿನ ಮೇಲೆ

ಬೋಯಿಂಗ್ 80ಎ-1 ಹಳೇ ಕಾಲದ ಪ್ರಯಾಣಿಕರ ವಿಮಾನ, ಒಂದರ ಮೇಲೊಂದು ಎರಡು ರೆಕ್ಕೆ. ಅದರ ಮೇಲಿನ ರೆಕ್ಕೆ ತುದಿಯಿಂದ ತುದಿಗೆ 80 ಅಡಿ. ಅದನ್ನು 48ನೇ ಒಂದು ಭಾಗಕ್ಕೆ ಇಳಿಸಿದರೆ ಸರಿಯಾಗಿ 20 ಅಂಗುಲ. ಊಟದ ಮೇಜಿನ ಮೇಲೆ ಹಿಡಿಸುತ್ತೆ ಅಂತ ಗೊತ್ತಾದ ದಿನವೇ ಬಾಲ್ಸಾ ಮರ ತರಿಸಿದೆ. ಕಳೆದ ಚಳಿಗಾಲ ಐದು ತಿಂಗಳು, ಆಫೀಸು ಮುಗಿದ ಮೇಲೆ ದಿನಾ ಒಂದೊಂದು ಗಂಟೆ ಕೂತು ಅದರ ಮಾದರಿ ಕಟ್ಟಿದೆ.

ನಾವಿರುವುದು ಸಿಯಾಟಲ್‌ನಲ್ಲಿ. ಬೋಯಿಂಗ್ 80 ಸಾಲಿನಲ್ಲಿ ತಯಾರಾದ ವಿಮಾನಗಳು 16. ಈಗ ಉಳಿದಿರುವುದು ಒಂದೇ ಒಂದು. ಅದು ಇಲ್ಲಿನ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿದೆ. ಊರಿಂದ ಅಮ್ಮ ಬಂದಿದ್ದಾಗ ನೋಡಲು ಕರೆದುಕೊಂಡು ಹೋಗಿದ್ದೆ. ಅಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ 31 ವರ್ಷ ನರ್ಸ್ ಆಗಿದ್ದವರು. ಸಾಲು ಕಿಟಕಿಗಳನ್ನು ನೋಡಿ ಮೊದಲು ಕೇಳಿದ್ದು, "ಇದರಲ್ಲಿ ಹೋಗೋರಿಗೆ ವಾಂತಿ ಆದ್ರೆ ಯಾರಪ್ಪಾ ನೋಡ್ಕೋತಿದ್ರು?"

"ನರ್ಸೇ ನೋಡ್ಕೋತಿದ್ರಮ್ಮ" ಅಂದೆ. ಅಮ್ಮ ನಂಬಲಿಲ್ಲ.

ಆದರೆ ಅದು ನಿಜ. ಅಯೋವಾ ರಾಜ್ಯದ ಎಲೆನ್ ಚರ್ಚ್ ನರ್ಸ್ ಆಗಿದ್ದರು, ವಿಮಾನ ಹಾರಿಸುವುದನ್ನೂ ಕಲಿತಿದ್ದರು. ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಪೈಲಟ್ ಕೆಲಸ ಸಿಗಲಿಲ್ಲ. ಹಾಗಾದರೆ ವಿಮಾನದೊಳಗೆ ನರ್ಸುಗಳನ್ನು ಇಟ್ಟುಕೊಳ್ಳಿ, ಜನರ ಭಯ ಕಡಿಮೆಯಾಗುತ್ತೆ ಎಂದು ಅವರೇ ಸೂಚಿಸಿದರು. ಕಂಪನಿ ಮೂರು ತಿಂಗಳ ಪರೀಕ್ಷೆಗೆ ಎಂಟು ಜನ ನರ್ಸುಗಳನ್ನು ತೆಗೆದುಕೊಂಡಿತು. 1930ರ ಮೇ 15ರಂದು ಎಲೆನ್ ಚರ್ಚ್ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಿಂದ ಶಿಕಾಗೋ ಕಡೆಗೆ ಹೊರಟರು. ಪ್ರಪಂಚದ ಮೊದಲ ಗಗನಸಖಿ ಅವರು. ದಾರಿಯುದ್ದಕ್ಕೂ ಇಳಿದು ಹತ್ತಿ ಸುಮಾರು 20 ಗಂಟೆಯ ಪ್ರಯಾಣ. ಊಟ ಕೊಡುವುದಷ್ಟೇ ಅಲ್ಲ, ಸಡಿಲವಾದ ಸೀಟುಗಳ ತಿರುಪು ಬಿಗಿಮಾಡುವ ಕೆಲಸವೂ ಆ ಹುಡುಗಿಯರದೇ ಆಗಿತ್ತು. ಇದನ್ನು ಹೇಳಿದ ಮೇಲೆ ಅಮ್ಮ ಆ ವಿಮಾನದ ಸುತ್ತ ಇನ್ನೊಂದು ಸುತ್ತು ಬಂದರು. ಮಾದರಿ ಕಟ್ಟಬೇಕು ಅಂತ ನನಗೆ ಅನಿಸಿದ್ದು ಆಗಲೇ.

ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ರೆಕ್ಕೆ. ಒಂದೇ ರೆಕ್ಕೆಯ ಮಾದರಿಗಳನ್ನು ಮೊದಲು ಮಾಡಿದ್ದೆ. ಎರಡು ರೆಕ್ಕೆ ಅಂದ ತಕ್ಷಣ ಕೆಲಸ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮೇಲಿನದು ಉದ್ದ, ಕೆಳಗಿನದು ಗಿಡ್ಡ. ನಡುವೆ ಕಂಬಗಳು, ಕಂಬಗಳ ನಡುವೆ ಬಿಗಿ ತಂತಿಗಳು. ನಾನು ತಂತಿಗೆ ಬದಲು ದಾರ ಹಾಕಿದೆ. ಒಂದು ದಾರ ಎಳೆದು ಕಟ್ಟಿದರೆ ಪಕ್ಕದ ದಾರ ಸಡಿಲವಾಗುತ್ತಿತ್ತು. ಮೂರು ಸಲ ಬಿಚ್ಚಿದೆ. ಕೊನೆಗೆ ದಪ್ಪ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ, ಎರಡೂ ರೆಕ್ಕೆಗಳನ್ನು ಅದರಲ್ಲಿ ಕೂರಿಸಿ, ಮಧ್ಯದಿಂದ ಹೊರಕ್ಕೆ ಎಡಕ್ಕೊಂದು ಬಲಕ್ಕೊಂದು ದಾರ ಕಟ್ಟುತ್ತಾ ಹೋದೆ. ಆಗ ನಿಂತಿತು. ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಇಷ್ಟೇ: ಅಚ್ಚಿಲ್ಲದೆ ಕೈ ಹಾಕಬೇಡಿ.

ಇಷ್ಟು ಕಷ್ಟದ ಎರಡು ರೆಕ್ಕೆ ಯಾಕೆ ಬೇಕಿತ್ತು? ಅದೇ ಕಾಲದ ಫೋರ್ಡ್ ಮತ್ತು ಫಾಕರ್ ಕಂಪನಿಗಳ ಮೂರು ಎಂಜಿನ್ ವಿಮಾನಗಳಿಗೆ ಇದ್ದದ್ದು ಒಂದೇ ರೆಕ್ಕೆ. ಉತ್ತರ ನಕ್ಷೆಯಲ್ಲಿ ಸಿಕ್ಕಿತು. ಈ ವಿಮಾನ ಓಡಾಡಿದ್ದು ರೀನೋ, ಸಾಲ್ಟ್ ಲೇಕ್ ಸಿಟಿ, ಶಯಾನ್ ದಾರಿಯಲ್ಲಿ. ಶಯಾನ್ ಸಮುದ್ರಮಟ್ಟದಿಂದ 6000 ಅಡಿಗಿಂತ ಎತ್ತರ. ಅಲ್ಲಿ ಗಾಳಿ ತೆಳು. ತೆಳು ಗಾಳಿಯಲ್ಲಿ ಮೇಲೇಳಬೇಕಾದರೆ ರೆಕ್ಕೆಯ ಹರವು ಜಾಸ್ತಿ ಬೇಕು. ಎರಡು ರೆಕ್ಕೆ ಇದ್ದರೆ ಗಿಡ್ಡ ಮೈದಾನದಲ್ಲೂ ಏರಬಹುದು, ನಿಧಾನವಾಗಿ ಇಳಿಯಬಹುದು. ಆ ದಾರಿಗೆ ಅದೇ ಸರಿಯಾದ ವಿಮಾನ ಎಂದು ನನಗೆ ಈಗ ಪೂರ್ತಿ ಒಪ್ಪಿಗೆ.

ಒಡಲಿನ ಕೆಲಸ ಖುಷಿ ಕೊಟ್ಟಿತು. ನಿಜವಾದ ವಿಮಾನದಲ್ಲಿ ಉಕ್ಕಿನ ಕೊಳವೆಗಳನ್ನು ಬೆಸುಗೆ ಹಾಕಿ ಹಂದರ ಮಾಡಿ, ಮೇಲೆ ಬಟ್ಟೆ ಹೊದಿಸಿದ್ದರು. ನಾನು ಬಾಲ್ಸಾ ಕಡ್ಡಿ, ಟಿಶ್ಯೂ ಪೇಪರ್ ಬಳಸಿದೆ. ಪೇಪರ್ ಮೇಲೆ ಡೋಪ್ ಅನ್ನುವ ವಾರ್ನಿಷ್‌ನಂಥ ದ್ರವ ಬಳಿದರೆ ಅದು ಒಣಗುತ್ತಾ ಬಿಗಿಯಾಗುತ್ತದೆ. ಎರಡನೇ ಕೋಟ್ ದಪ್ಪ ಬಳಿದೆ, ಬೆಳಿಗ್ಗೆ ನೋಡಿದರೆ ಎಡ ರೆಕ್ಕೆಯ ತುದಿ ತಿರುಚಿಕೊಂಡಿತ್ತು. ಹೊಟ್ಟೆ ಉರಿಯಿತು. ಕುದಿಯುವ ನೀರಿನ ಹಬೆ ಹಿಡಿದು, ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ಗುಂಡುಪಿನ್ನು ಚುಚ್ಚಿ ಒಂದು ದಿನ ಬಿಟ್ಟೆ. ಸರಿಹೋಯಿತು. ಒಡಲಿನ ಒಂದು ಪಕ್ಕಕ್ಕೆ ಮಾತ್ರ ಪೇಪರ್ ಹಾಕಲೇ ಇಲ್ಲ. ಒಳಗಿನ 18 ಸೀಟು ಕಾಣಬೇಕಲ್ವಾ?

ಆ ಸೀಟುಗಳೇ ಈ ವಿಮಾನದ ದೊಡ್ಡ ಸಂಗತಿ. ಇದಕ್ಕೆ ಮುಂಚೆ, 1927ರಲ್ಲಿ, ಇದೇ ದಾರಿಯಲ್ಲಿ ಬೋಯಿಂಗ್ 40ಎ ಹಾರುತ್ತಿತ್ತು. ಅದು ಟಪಾಲಿನ ವಿಮಾನ. ಇಬ್ಬರಿಗೆ ಮಾತ್ರ ಜಾಗ, ಅದೂ ಟಪಾಲಿನ ಚೀಲಗಳ ಜೊತೆ ಒಂದು ಪುಟ್ಟ ಗೂಡಿನಲ್ಲಿ. 1928ರ ಜುಲೈನಲ್ಲಿ ಮೊದಲು ಹಾರಿದ ಬೋಯಿಂಗ್ 80ರಲ್ಲಿ 12 ಜನ ಕೂರಬಹುದಿತ್ತು. ಮರುವರ್ಷ 80ಎ ಬಂತು. 410 ಅಶ್ವಶಕ್ತಿಯ ವಾಸ್ಪ್ ಎಂಜಿನ್‌ಗಳ ಜಾಗಕ್ಕೆ 525 ಅಶ್ವಶಕ್ತಿಯ ಹಾರ್ನೆಟ್ ಬಂದವು, ಸೀಟು 18 ಆದವು. ಚರ್ಮದ ಸೀಟು, ತಲೆಯ ಹತ್ತಿರ ಓದುವ ದೀಪ, ಕೊಳಾಯಿಯಲ್ಲಿ ತಣ್ಣೀರು, ಬಿಸಿನೀರು. ಟಪಾಲಿನ ಜೊತೆ ಮುದುಡಿ ಕೂತಿದ್ದ ಮನುಷ್ಯನಿಗೆ ಎರಡೇ ವರ್ಷದಲ್ಲಿ ಬಿಸಿನೀರು ಸಿಕ್ಕಿತು. ಅಂಗುಲದ ಮುಕ್ಕಾಲು ಭಾಗವೂ ಇಲ್ಲದ ಆ ಸೀಟುಗಳನ್ನು ಇಕ್ಕಳದಲ್ಲಿ ಕೂರಿಸುವಾಗ ನನಗೆ ಪದೇ ಪದೇ ಇದೇ ನೆನಪಾಗುತ್ತಿತ್ತು.

ಪೈಲಟ್‌ಗಳಿಗೂ ಇದರಲ್ಲಿ ಮುಚ್ಚಿದ ಕೋಣೆ ಇತ್ತು. ಅವರಲ್ಲಿ ಕೆಲವರಿಗೆ ಇದೇ ಹಿಡಿಸಲಿಲ್ಲ. ಮುಖಕ್ಕೆ ಗಾಳಿ ಹೊಡೆಯದಿದ್ದರೆ ವಿಮಾನದ ಅಂದಾಜು ಸಿಗದು ಅನ್ನುವ ಕಾಲ ಅದು. ಅವರಿಗಾಗಿ ತೆರೆದ ಕೋಣೆಯ 80ಬಿ ಅಂತ ಒಂದೇ ಒಂದು ವಿಮಾನ ಕಟ್ಟಿದರು. ಆಮೇಲೆ ಅದನ್ನೂ ಮುಚ್ಚಿ 80ಎ-1 ಮಾಡಿದರು.

ಬಾಲದಲ್ಲಿ ನಾನು ತಪ್ಪು ಮಾಡಿದೆ. ಮೊದಲ ಬೋಯಿಂಗ್ 80ರ ಚಿತ್ರ ನೋಡಿಕೊಂಡು ಒಂದೇ ನಿಲುವು ಹಲಗೆಯ ಬಾಲ ಕಟ್ಟಿ ಅಂಟಿಸಿಬಿಟ್ಟಿದ್ದೆ. 80ಎ-1ಕ್ಕೆ ಬಾಲವನ್ನೇ ಬದಲಾಯಿಸಿ, ಪಕ್ಕದಲ್ಲಿ ಇನ್ನೂ ಎರಡು ಹಲಗೆ ಸೇರಿಸಿದ್ದರು. ಮತ್ತೆ ಮ್ಯೂಸಿಯಂಗೆ ಹೋಗಿ ಹಿಂದಿನಿಂದ ನೋಡಿದಾಗಲೇ ಗೊತ್ತಾಗಿದ್ದು. ಬ್ಲೇಡಿನಲ್ಲಿ ಕತ್ತರಿಸಿ ಹೊಸದು ಮಾಡಿದೆ.

ಎಂಜಿನ್ ಮೂರು, ಒಂದೊಂದಕ್ಕೆ 9 ಸಿಲಿಂಡರ್. ಒಟ್ಟು 27 ಪುಟ್ಟ ಕಡ್ಡಿಗಳಿಗೆ ಒತ್ತೊತ್ತಾಗಿ ದಾರ ಸುತ್ತಬೇಕು. ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ಅವರ ಗಂಟು ನನ್ನದಕ್ಕಿಂತ ಚಿಕ್ಕದು, ಬಿಗಿ. ಮಧ್ಯದ ಎಂಜಿನ್ ಪೂರ್ತಿ ಅವರದೇ.

ಮ್ಯೂಸಿಯಂನಲ್ಲಿರುವ ಆ ವಿಮಾನ 1930ರ ದಶಕದಲ್ಲೇ ಕೆಲಸದಿಂದ ಇಳಿಯಿತು. 1933ರಲ್ಲಿ ಬಂದ ಪೂರ್ತಿ ಲೋಹದ, ಒಂದೇ ರೆಕ್ಕೆಯ ಬೋಯಿಂಗ್ 247 ಇದರ ಜಾಗ ತೆಗೆದುಕೊಂಡಿತ್ತು. ಆಮೇಲೆ ಮ್ಯೂಸಿಯಂನ ಈ ಹಳೇ ವಿಮಾನ ಅಲಾಸ್ಕಾದಲ್ಲಿ ಸಾಮಾನು ಹೊತ್ತಿತು. ದೊಡ್ಡ ಸಾಮಾನು ಹೋಗಲಿ ಅಂತ ಪಕ್ಕೆಯನ್ನೇ ಕೊಯ್ದು ಅಗಲ ಬಾಗಿಲು ಇಟ್ಟಿದ್ದರು. 1960ರಲ್ಲಿ ಆಂಕರೇಜ್‌ನ ಕಸದ ಗುಡ್ಡೆಯಿಂದ ಅದನ್ನು ಎತ್ತಿ ತಂದರು. ಆ ಅಗಲ ಬಾಗಿಲು ಇಡಬೇಕೋ ಬೇಡವೋ ಅಂತ ನಾನು ಒಂದು ವಾರ ಯೋಚಿಸಿದೆ. ಅಮ್ಮನನ್ನು ಕೇಳಿದೆ. "ನರ್ಸ್ ಇದ್ದಾಗ ಹೆಂಗಿತ್ತೋ ಹಂಗೇ ಮಾಡು" ಅಂದರು. ಹಾಗೇ ಮಾಡಿದೆ.